ಬುಧವಾರದ ಮಾತ್ರೆ

"ತಾಯಿ ಕಾರ್ಡ್ ಮಾಡಿಸೋಕೆ ಬಂದಿದ್ದೀರಾ?"

ಸರ್ಕಾರಿ ಆರೋಗ್ಯ ಕೇಂದ್ರದ ಕೌಂಟರ್‌ನಲ್ಲಿ ಕೂತಿದ್ದವರು ತಲೆ ಎತ್ತದೆ ಕೇಳಿದರು. ನಾನು ಇಲ್ಲ ಅಂದೆ. "ಮತ್ತೆ? ಮಗುಗೆ ಇಂಜೆಕ್ಷನ್ನಾ?" ಅಂದರು. ಅದೂ ಇಲ್ಲ. ನನ್ನ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಅವರಲ್ಲಿ ಇಬ್ಬರು ನಮ್ಮ ಬೀದಿಯವರೇ. ನಾನು ಆದಷ್ಟು ಮೆಲ್ಲಗೆ, "ಮಗು ಸ್ವಲ್ಪ ದಿನ ಬೇಡ ಅಂತ... ಮಾತ್ರೆ ಕೇಳೋಣ ಅಂತ ಬಂದೆ" ಅಂದೆ.

"ಎಷ್ಟು ಮಕ್ಕಳು ನಿಮಗೆ?"

"ಇನ್ನೂ ಆಗಿಲ್ಲ ಮೇಡಂ."

"ಒಂದೂ ಆಗಿಲ್ವಾ? ಮತ್ತೆ ಈಗಲೇ ಯಾಕಮ್ಮ ಇದೆಲ್ಲ? ಮೊದಲು ಒಂದು ಆಗಲಿ."

ಜೋರಾಗಿಯೇ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಅವರ ಮನೆಯ ಹುಡುಗಿಗೂ ಹಾಗೇ ಹೇಳುತ್ತಿದ್ದರೇನೋ. ಆದರೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಹಾಗೇ ತಿರುಗಿ ಮನೆಗೆ ಹೋದೆ.

ಇದು 2024ರ ಜನವರಿಯ ಮಾತು. ಆಗ ನನಗೆ 23 ವರ್ಷ. ಮದುವೆಯಾಗಿ ಎಂಟು ತಿಂಗಳಾಗಿತ್ತು. ನಮ್ಮೂರು ಶಿರಾ ಹತ್ತಿರದ ಒಂದು ಹಳ್ಳಿ. ತುಮಕೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಬೆಂಗಳೂರಿನ ಲಗ್ಗೆರೆಗೆ ಬಂದೆ. ನಮ್ಮ ಮನೆಯವರು ಪೀಣ್ಯದಲ್ಲಿ ಲೇತ್ ಆಪರೇಟರ್. ನಾನು ಅಲ್ಲೇ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್‌ಗೆ ಸೇರಿಕೊಂಡೆ. ಇಬ್ಬರ ಸಂಬಳದಲ್ಲಿ ಬಾಡಿಗೆ, ಚೀಟಿ, ಊರಿನ ಸಾಲದ ಕಂತು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಸಾಲ ತೀರಲಿ, ಎರಡು ವರ್ಷ ಬಿಟ್ಟು ಮಗು ಮಾಡಿಕೊಳ್ಳೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಮಾತಾಡಿಕೊಳ್ಳುವುದು ಸುಲಭ. ಆ ಎರಡು ವರ್ಷ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಮದುವೆಯಾದ ಮೂರನೇ ತಿಂಗಳಿಂದ ಊರಿನ ಫೋನ್‌ಗಳಲ್ಲಿ ಒಂದೇ ಪ್ರಶ್ನೆ. "ಏನಾದ್ರೂ ವಿಶೇಷನಾ?" ಅತ್ತೆ ಕೇಳುತ್ತಿದ್ದರು, ಅಮ್ಮ ಕೇಳುತ್ತಿದ್ದಳು, ಚಿಕ್ಕಮ್ಮಂದಿರು ಕೇಳುತ್ತಿದ್ದರು. ವಿಶೇಷ ಆಗದಿರಲಿ ಅಂತ ನಾವು ಪಡುತ್ತಿದ್ದ ಪಾಡು ಅವರಿಗೆ ಹೇಗೆ ಹೇಳುವುದು?

ನಮ್ಮ ಮನೆಯವರು ಕಾಂಡೋಮ್ ತರುತ್ತಿದ್ದರು. ಆದರೆ ನಮ್ಮ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಅಲ್ಲ. ಯಶವಂತಪುರದವರೆಗೆ ಹೋಗಿ, ಅಂಗಡಿ ಖಾಲಿ ಇರುವಾಗ ನೋಡಿ ತರಬೇಕಿತ್ತು. ಓವರ್‌ಟೈಮ್ ಇದ್ದ ವಾರ ಹೋಗಲು ಆಗುತ್ತಿರಲಿಲ್ಲ. ಆ ವಾರಗಳಲ್ಲಿ ನಮ್ಮ ದಾರಿ ಅಂದರೆ ಸೇರಿದ 72 ಗಂಟೆಯೊಳಗೆ, ಬಸಿರಾಗದಿರಲಿ ಅಂತ ತಗೊಳ್ಳುವ ಆ 72 ಗಂಟೆಯ ಮಾತ್ರೆ. ಟಿವಿಯಲ್ಲಿ ಬರುತ್ತದಲ್ಲ, ಅದೇ. ಮೆಡಿಕಲ್ ಸ್ಟೋರ್‌ನವರು ಅದನ್ನು ಪೇಪರ್‌ನಲ್ಲಿ ಸುತ್ತಿ, ಮೇಲೆ ಕಪ್ಪು ಕವರ್ ಹಾಕಿ, ನಮ್ಮ ಮುಖ ನೋಡದೆ ಕೊಡುತ್ತಿದ್ದರು. ಕಾನೂನು ಬಾಹಿರ ವಸ್ತು ತಂದ ಹಾಗೆ ಮನೆಗೆ ತರುತ್ತಿದ್ದೆವು. ಎರಡು ತಿಂಗಳಲ್ಲಿ ಮೂರು ಸಲ ತಗೊಂಡೆ. ಮುಟ್ಟು ಹಿಂದೆ ಮುಂದೆ ಆಗಿ, ಯಾವಾಗ ಬರುತ್ತದೋ ಗೊತ್ತಾಗದಂತಾಯಿತು. ಕೆಲಸದ ಮಧ್ಯೆ ಟಾಯ್ಲೆಟ್‌ಗೆ ಹೋಗಿ ನೋಡಿಕೊಳ್ಳುವುದು, ಬಂದಿಲ್ಲ ಅಂತ ಹೆದರುವುದು, ಇದೇ ಆಯಿತು.

ಆಮೇಲೆ ಒಂದು ಪ್ರೈವೇಟ್ ಕ್ಲಿನಿಕ್‌ಗೆ ಹೋದೆ. 300 ರೂಪಾಯಿ ಫೀಸ್. ಡಾಕ್ಟರ್ ಹೆಂಗಸೇ. "ಮೊದಲನೇ ಮಗು ಆಗೋವರೆಗೂ ಮಾತ್ರೆ ಗೀತ್ರೆ ಬೇಡ. ಆಮೇಲೆ ಬೇಕು ಅಂದಾಗ ಆಗದೇ ಹೋದ್ರೆ ಏನ್ ಮಾಡ್ತೀಯ?" ಅಂದರು. ಎರಡೇ ನಿಮಿಷ. ಹೆದರಿಕೆ ಜಾಸ್ತಿ ಮಾಡಿಕೊಂಡು ಮನೆಗೆ ಬಂದೆ. ಅದಾದ ಮೇಲೆ ಹೋಗಿದ್ದೇ ಮೊದಲು ಹೇಳಿದ ಆ ಸರ್ಕಾರಿ ಕೌಂಟರ್‌ಗೆ.

ಅಲ್ಲಿಂದ ವಾಪಸ್ ಬಂದ ರಾತ್ರಿ ನನಗೆ ಅಕ್ಕನ ನೆನಪು ತುಂಬಾ ಬಂತು. ನಮ್ಮ ಮನೆಯಲ್ಲಿ ಕುಟುಂಬ ಯೋಜನೆ ಅಂದರೆ ಒಂದೇ ಅರ್ಥ, ಆಪರೇಷನ್. ಅಮ್ಮ ಮಾಡಿಸಿಕೊಂಡಿದ್ದು ಮೂರು ಮಕ್ಕಳಾದ ಮೇಲೆ. ಅಕ್ಕನಿಗೆ ಹದಿನೆಂಟು ತುಂಬಿದ ಕೂಡಲೇ ಮದುವೆ. ಇಪ್ಪತ್ತೆರಡಕ್ಕೆ ಎರಡು ಮಕ್ಕಳು, ಎರಡನೇ ಬಾಣಂತನದಲ್ಲೇ ಆಪರೇಷನ್. ನಮ್ಮ ಕಡೆ ಹೆಣ್ಣುಮಕ್ಕಳ ಲೆಕ್ಕ ಹೀಗೇ ನಡೆಯುತ್ತದೆ. ಮದುವೆ, ಬೇಗ ಬೇಗ ಎರಡು ಮಗು, ಆಪರೇಷನ್. ನಡುವೆ ಬೇರೆ ಏನೂ ಇಲ್ಲ. ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರೇ. ಕೌಂಟರ್‌ನಲ್ಲಿದ್ದವರು "ಎಷ್ಟು ಮಕ್ಕಳು" ಅಂತ ಮೊದಲು ಕೇಳಿದ್ದು ಯಾಕೆ ಅಂತ ಈ ಅಂಕಿ ನೋಡಿದ ಮೇಲೆ ನನಗೆ ಅರ್ಥವಾಯಿತು. ಅವರು ನೋಡಿರುವುದೆಲ್ಲ ಮಕ್ಕಳು ಸಾಕು ಅನ್ನುವವರನ್ನು. ಇನ್ನೂ ಶುರುವೇ ಮಾಡದ, ಸ್ವಲ್ಪ ತಡೆಯಿರಿ ಅನ್ನುವ ಹುಡುಗಿ ಅವರ ಲೆಕ್ಕದಲ್ಲಿ ಬಂದೇ ಇಲ್ಲ.

ದಾರಿ ತೋರಿಸಿದವರು ನಮ್ಮ ಕಡೆಯ ಆಶಾ ಕಾರ್ಯಕರ್ತೆ. ಒಂದು ಭಾನುವಾರ ನಮ್ಮ ವಠಾರಕ್ಕೆ ಡೆಂಗಿ ಸೊಳ್ಳೆ ಮರಿ ಇದೆಯಾ ನೋಡಲು ಬಂದಿದ್ದರು. ಡ್ರಮ್ಮಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಬಿಟ್ಟೆ. ಅವರು ಮುಚ್ಚಳ ಮುಚ್ಚಿ, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. "ನೀನು ಆ ಕಡೆ ಸೆಂಟರ್‌ಗೆ ಹೋಗಬೇಡ. ನಾನು ಹೇಳೋ ಕಡೆ ಹೋಗು. ಅಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ. ನಿನ್ನ ವಯಸ್ಸಿನವರು ತುಂಬಾ ಜನ ಅವರ ಹತ್ರ ಬರ್ತಾರೆ. ಕೌಂಟರ್‌ನಲ್ಲಿ ಏನೂ ಹೇಳಬೇಡ, ಸಿಸ್ಟರ್ ಹತ್ರ ಮಾತಾಡಬೇಕು ಅಂತ ಮಾತ್ರ ಹೇಳು" ಅಂದರು.

ಸೆಂಟರ್ ತೆರೆದಿರುವುದು ಬೆಳಿಗ್ಗೆ 9ರಿಂದ ಸಂಜೆ 4:30. ನನ್ನ ಶಿಫ್ಟ್ 9ರಿಂದ 5:30. ಅಂದರೆ ಮತ್ತೆ ಅರ್ಧ ದಿನ ರಜೆ, ಆ ತಿಂಗಳ ಅಟೆಂಡೆನ್ಸ್ ಬೋನಸ್ ಕಟ್. ಗಾರ್ಮೆಂಟ್ಸ್ ಹುಡುಗಿಯರಿಗೆ ಮಾತ್ರೆ ಫ್ರೀ ಅಂತ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಫ್ರೀ ಅಲ್ಲ. ಸಂಜೆ 8ರವರೆಗೆ ವಾರಕ್ಕೆ ಎರಡು ದಿನ ಒಂದು ಬಾಗಿಲು ತೆರೆದಿಟ್ಟರೆ ಪೀಣ್ಯದ ಅರ್ಧ ಹುಡುಗಿಯರು ಬರುತ್ತಾರೆ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಸಿಸ್ಟರ್ ಕೂರುವುದು ಹಿಂದಿನ ಒಂದು ಚಿಕ್ಕ ಕೋಣೆಯಲ್ಲಿ. ಲಸಿಕೆಯ ಫ್ರಿಜ್ ಇಟ್ಟ ಕೋಣೆ. ಒಂದು ಟೇಬಲ್, ಎರಡು ಕುರ್ಚಿ, ಗೋಡೆಗೆ ತಾಯಿ ಮಗುವಿನ ಪೋಸ್ಟರ್. ನಾನು ಒಳಗೆ ಹೋದ ಕೂಡಲೇ ಅವರು ಎದ್ದು ಬಾಗಿಲು ಹಾಕಿದರು. ಎಷ್ಟು ಸಣ್ಣ ಕೆಲಸ ನೋಡಿ, ಬಾಗಿಲು ಹಾಕುವುದು. ನನಗೆ ಅಲ್ಲೇ ಅಳು ಬಂದುಬಿಟ್ಟಿತು.

"ಕೂತ್ಕೋಮ್ಮ. ನೀರು ಬೇಕಾ?" ಅಂದರು. ನಾನು ಸಮಾಧಾನ ಮಾಡಿಕೊಳ್ಳುವವರೆಗೂ ರಿಜಿಸ್ಟರ್ ತೆಗೆಯಲಿಲ್ಲ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ.

"ನಿಂಗೆ ಮಗು ಯಾವಾಗ ಬೇಕು ಅನ್ಸುತ್ತೆ?"

ಮಗು ಯಾವಾಗ ಅಂತ ಎಲ್ಲರೂ ಕೇಳಿದ್ದರು. ನನಗೆ ಯಾವಾಗ ಬೇಕು ಅಂತ ಯಾರೂ ಕೇಳಿರಲಿಲ್ಲ. ಎರಡು ವರ್ಷ ಬಿಟ್ಟು ಅಂದೆ. "ಸರಿ. ಎರಡು ವರ್ಷಕ್ಕೆ ಏನೇನಿದೆ ನೋಡೋಣ" ಅಂತ ಡ್ರಾಯರ್‌ನಿಂದ ಒಂದು ಸ್ಟೀಲ್ ಟ್ರೇ ತೆಗೆದು ನನ್ನ ಮುಂದೆ ಇಟ್ಟರು.

ಟ್ರೇನಲ್ಲಿ ಎಲ್ಲವೂ ಇತ್ತು. ನಿರೋಧ್ ಪ್ಯಾಕೆಟ್, ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಅಂತರಾ ಇಂಜೆಕ್ಷನ್ನಿನ ಚಿಕ್ಕ ಬಾಟಲಿ, ಗರ್ಭಕೋಶದೊಳಗೆ ಹಾಕುವ ಕಾಪರ್ ಟಿ. ಕಾಪರ್ ಟಿಗೆ ನಮ್ಮೂರ ಕಡೆ ವಂಕಿ ಅಂತಾರೆ. ಅದನ್ನು ಕೈಗೆ ಕೊಟ್ಟು ಮುಟ್ಟಿ ನೋಡು ಅಂದರು. ನಾನು ಅದು ಏನೋ ದೊಡ್ಡ ಕೊಕ್ಕೆ ಅಂದುಕೊಂಡಿದ್ದೆ. ಒಂದು ಬೆರಳಿನ ಅರ್ಧದಷ್ಟೂ ಇಲ್ಲ, ಬಳುಕುವ ಪ್ಲಾಸ್ಟಿಕ್, ಅದಕ್ಕೆ ಸುತ್ತಿದ ತಾಮ್ರದ ತಂತಿ. "ಮಗು ಆಗದವರಿಗೆ ಇದನ್ನ ಹಾಕಲ್ಲ ಅಂತಾರಲ್ಲ ಸಿಸ್ಟರ್?" ಅಂದೆ. "ಹಾಕಬಹುದು. ಮೊದಲು ಪರೀಕ್ಷೆ ಮಾಡಿ, ಇನ್ಫೆಕ್ಷನ್ ಇಲ್ಲ ಅಂತ ನೋಡಿಕೊಂಡು ಹಾಕ್ತೀವಿ. ಐದು ವರ್ಷದ್ದು ಇದೆ, ಹತ್ತು ವರ್ಷದ್ದು ಇದೆ. ಬೇಕು ಅಂದಾಗ ತೆಗೆಸಬಹುದು. ಮೊದಲ ಮೂರು ತಿಂಗಳು ಮುಟ್ಟಿನಲ್ಲಿ ಹೊಟ್ಟೆನೋವು, ರಕ್ತ ಸ್ವಲ್ಪ ಜಾಸ್ತಿ ಆಗಬಹುದು" ಅಂದರು. ನನಗೆ ಮುಟ್ಟಿನ ಹೊಟ್ಟೆನೋವು ಮೊದಲೇ ಜಾಸ್ತಿ. ಹಾಗಾಗಿ ಅದನ್ನು ಪಕ್ಕಕ್ಕೆ ಇಟ್ಟೆವು.

ಅಂತರಾ ನನಗೆ ಮೊದಲು ಹಿಡಿಸಿತು. ಮೂರು ತಿಂಗಳಿಗೆ ಒಂದು ಸೂಜಿ, ಮನೆಯಲ್ಲಿ ಮಾತ್ರೆ ಇಡುವ ಗೋಜಿಲ್ಲ, ಅತ್ತೆ ಬಂದರೂ ಕಣ್ಣಿಗೆ ಬೀಳುವುದಿಲ್ಲ. ಸಿಸ್ಟರ್ ಅದನ್ನೂ ಬಿಡಿಸಿ ಹೇಳಿದರು. ಮುಟ್ಟು ಏರುಪೇರು ಆಗಬಹುದು, ಪೂರ್ತಿ ನಿಲ್ಲಲೂಬಹುದು, ಅದರಿಂದ ತೊಂದರೆ ಇಲ್ಲ. ಆದರೆ ಬಿಟ್ಟ ಕೂಡಲೇ ಬಸಿರಾಗುವುದಿಲ್ಲ, ಕೊನೆಯ ಸೂಜಿಯಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. "ಎರಡು ವರ್ಷ ಅಂತ ನೀನು ಹೇಳಿದ್ದಕ್ಕೆ ಇದನ್ನ ಹೇಳಿದೆ. ಆಮೇಲೆ ಸಿಸ್ಟರ್ ಹೇಳಲಿಲ್ಲ ಅನ್ನಬಾರದು" ಅಂದರು. ಈ ಮಾತು ಕೇಳಿದ ಮೇಲೆ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಟ್ರೇನಲ್ಲಿರುವ ಯಾವುದನ್ನೂ ಅವರು ನನಗೆ ಮಾರಲು ನೋಡಲಿಲ್ಲ.

ಮಾಲಾ-ಎನ್ ದಿನಾ ತಗೊಳ್ಳುವ ಮಾತ್ರೆ. 28 ಇರುತ್ತದೆ, 21 ಹಾರ್ಮೋನಿನದು, ಕೊನೆಯ 7 ಕಬ್ಬಿಣಾಂಶದ್ದು. ನಾನು ಮರೆಗುಳಿ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಡಬ್ಬಿ ಕಟ್ಟಿ, ಓಡಿ ಹೋಗುವವಳಿಗೆ ದಿನಾ ಮಾತ್ರೆ ನೆನಪಿರುತ್ತದಾ ಅಂತ ಅನುಮಾನ.

ಕೊನೆಗೆ ಉಳಿದಿದ್ದು ಛಾಯಾ. ಇದರಲ್ಲಿ ಹಾರ್ಮೋನ್ ಇಲ್ಲ. ಲಖನೌದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದವರೇ ಕಂಡುಹಿಡಿದ ಮಾತ್ರೆ ಅಂತೆ. ಸಹೇಲಿ ಅನ್ನುವ ಹೆಸರಿನಲ್ಲಿ ಅಂಗಡಿಗೆ ಬಂದು 30 ವರ್ಷದ ಮೇಲಾಯಿತು. ನನಗೆ ಅವತ್ತಿನವರೆಗೂ ಅದರ ಹೆಸರೇ ಗೊತ್ತಿರಲಿಲ್ಲ! ಮುಟ್ಟಾದ ಮೊದಲನೇ ದಿನ ಶುರು ಮಾಡಬೇಕು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ವಾರ ಮಾತ್ರ ತಪ್ಪಬಾರದು.

ಆಮೇಲೆ ಅವರು ನನ್ನನ್ನು ಪರೀಕ್ಷೆ ಮಾಡಿದರು. ಬಿಪಿ, ತೂಕ, ಕೊನೆಯ ಮುಟ್ಟಿನ ದಿನ. ಈಚೆಗೆ ಕಾಮಾಲೆ ಬಂದಿತ್ತಾ, ಪಿಸಿಓಡಿ, ಅಂದರೆ ಅಂಡಾಶಯದ ತೊಂದರೆ ಅಂತ ಯಾರಾದರೂ ಹೇಳಿದ್ದಾರಾ, ಟಿಬಿ, ಕಿಡ್ನಿ ತೊಂದರೆ ಇದೆಯಾ ಅಂತ ಒಂದೊಂದಾಗಿ ಕೇಳಿದರು. ಇಂಥವರಿಗೆ ಛಾಯಾ ಕೊಡುವುದಿಲ್ಲವಂತೆ. ಮೂತ್ರ ಪರೀಕ್ಷೆ ಮಾಡಿ ಬಸಿರಿಲ್ಲ ಅಂತ ನೋಡಿಕೊಂಡರು. ಪಕ್ಕದ ಕೋಣೆಯ ಡಾಕ್ಟರ್ ಕೂಡ ಒಮ್ಮೆ ನೋಡಿದರು. ಪ್ರೈವೇಟ್ ಕ್ಲಿನಿಕ್‌ನಲ್ಲಿ ಹೇಳಿದ ಮಾತನ್ನು ನಾನು ಅಲ್ಲೇ ಕೇಳಿಬಿಟ್ಟೆ. ಮಾತ್ರೆ ತಗೊಂಡರೆ ಆಮೇಲೆ ಮಗು ಆಗುವುದಿಲ್ಲವಾ? "ಇಲ್ಲಮ್ಮ. ಮಾತ್ರೆ ಬಿಟ್ಟ ಮೇಲೆ ಆಗುತ್ತೆ. ಮಾತ್ರೆಯಿಂದ ಯಾರೂ ಬಂಜೆ ಆಗಲ್ಲ" ಅಂದರು. 72 ಗಂಟೆಯ ಮಾತ್ರೆಯ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ತಗೊಂಡಿದ್ದು ಒಳ್ಳೇದೇ ಆಯ್ತು. ಅದು ಎಮರ್ಜೆನ್ಸಿಗೆ. ದಿನಾ ಅಡುಗೆ ಮಾಡೋ ಒಲೆಗೆ ಬೆಂಕಿಪೊಟ್ಟಣ ಒಂದೇ ಸಾಕಾಗುತ್ತಾ? ಗ್ಯಾಸ್ ಬೇಕಲ್ವಾ?" ಅಂದರು. ಆ ಮಾತ್ರೆ ಕೂಡ ಅಲ್ಲಿ ಫ್ರೀ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾವು ಅದಕ್ಕೆ ಪ್ರತಿ ಸಲ ನೂರು ರೂಪಾಯಿ ಹತ್ತಿರ ಕೊಡುತ್ತಿದ್ದೆವು.

ಛಾಯಾ ಸ್ಟ್ರಿಪ್ ಕೊಟ್ಟು, ಮುಟ್ಟು ಬರುವವರೆಗೆ ಅಂತ ಒಂದು ಕಟ್ಟು ನಿರೋಧ್ ಕೂಡ ಕೊಟ್ಟರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. "ನಾಚಿಕೆ ಪಡಬೇಡ. 1930ರಲ್ಲೇ ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ಇದಕ್ಕೆ ಅಂತಾನೇ ಬೆಂಗಳೂರು, ಮೈಸೂರಿನಲ್ಲಿ ಕ್ಲಿನಿಕ್ ತೆರೆದಿತ್ತು. ಸರ್ಕಾರವೇ ತೆರೆದಿದ್ದು ಇಡೀ ದೇಶಕ್ಕೇ ಮೊದಲು." ನನಗೆ ಇದು ಗೊತ್ತಿರಲಿಲ್ಲ. ಸ್ವಾತಂತ್ರ್ಯ ಬರುವ ಮೊದಲೇ, ದೇಶದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಶುರುವಾಗುವ ಮೊದಲೇ, ಇದೇ ಊರಿನಲ್ಲಿ ಒಂದು ಹೆಣ್ಣು ಈ ಮಾತನ್ನು ಡಾಕ್ಟರ್ ಹತ್ತಿರ ಹೇಳಿಕೊಳ್ಳಬಹುದಿತ್ತು ಅಂದರೆ ನನಗೆ ಬಹಳ ಹೊತ್ತು ಅದೇ ತಲೆಯಲ್ಲಿತ್ತು. ಬಸ್ಸಿನಲ್ಲಿ ಬರುವಾಗ ಬ್ಯಾಗ್‌ನಲ್ಲಿದ್ದ ಸ್ಟ್ರಿಪ್ಪನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಮುಟ್ಟು ಬಂದಿದ್ದು ಒಂದು ಬುಧವಾರ. ಹಾಗಾಗಿ ನನ್ನ ದಿನ ಬುಧವಾರ, ಶನಿವಾರ. ಮಾತ್ರೆಯನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟೆ. ನಮ್ಮ ಮನೆಯವರು ಫೋನ್‌ನಲ್ಲಿ ರಾತ್ರಿ 9ಕ್ಕೆ ಅಲಾರಾಂ ಇಟ್ಟರು. ಸಿಸ್ಟರ್ ಹೇಳಿ ಕಳಿಸಿದ್ದರು, ಇದು ನೀನೊಬ್ಬಳೇ ಹೊರುವ ಕೆಲಸ ಅಲ್ಲ, ನಿಮ್ಮವರನ್ನೂ ಒಂದು ಸಲ ಕರ್ಕೊಂಡು ಬಾ ಅಂತ. ಅವರು ಬರಲು ಒಂದೂವರೆ ತಿಂಗಳು ತಗೊಂಡರು. "ಗಂಡಸರಿಗೆ ಅಲ್ಲೇನು ಕೆಲಸ?" ಅಂತ. ಬಂದ ಮೇಲೆ ಅರ್ಧ ಗಂಟೆ ಕೂತು, ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು. ಅವತ್ತೇ ಅವರಿಗೆ ಕಂಡಿದ್ದು, ಫ್ರೀ ನಿರೋಧ್ ಡಬ್ಬ ಗಂಡಸರ ಟಾಯ್ಲೆಟ್ ಪಕ್ಕದ ಗೋಡೆಯಲ್ಲಿದೆ ಅಂತ. ಮೊದಲು ಅದು ಕೌಂಟರ್ ಎದುರಿಗೇ ಇತ್ತಂತೆ. ಯಾರೂ ಕೈ ಹಾಕುತ್ತಿರಲಿಲ್ಲ. ಸಿಸ್ಟರ್ ಹೇಳಿ ಅಲ್ಲಿಗೆ ಹಾಕಿಸಿದ ಮೇಲೆ ವಾರ ವಾರ ಖಾಲಿ ಆಗುತ್ತಿದೆಯಂತೆ. ಯಶವಂತಪುರದವರೆಗೆ ಹೋಗುತ್ತಿದ್ದ ನಮ್ಮ ಮನೆಯವರು ಆ ಡಬ್ಬವನ್ನು ನೋಡಿ ಸುಮ್ಮನೆ ನಿಂತುಬಿಟ್ಟರು.

ಮೂರನೇ ತಿಂಗಳು ಮುಟ್ಟು ಬರಲಿಲ್ಲ. ಒಂದು ವಾರ, ಹತ್ತು ದಿನ, ಹದಿನೈದು ದಿನ. ಅದೇ ಸಮಯಕ್ಕೆ ಅತ್ತೆ ಊರಿಂದ ಬಂದಿದ್ದರು. ನನ್ನ ಮುಖ ನೋಡಿ, "ಏನೇ, ಡೇಟ್ ಆಗಿಲ್ವಾ?" ಅಂತ ಅವರಿಗೆ ಖುಷಿ. ನನಗೆ ಊಟ ಸೇರುತ್ತಿರಲಿಲ್ಲ. ಅದನ್ನೂ ಅವರು ವಾಂತಿ ಲಕ್ಷಣ ಅಂದುಕೊಂಡರು. ಅವರ ಖುಷಿ ನೋಡಿದರೆ ನನಗೆ ಪಾಪ ಅನ್ನಿಸುತ್ತಿತ್ತು, ನನ್ನ ಹೆದರಿಕೆ ನನಗೆ. ಮಾತ್ರೆ ಜೊತೆ ಕೊಟ್ಟಿದ್ದ ಕಾರ್ಡ್ ಮೇಲಿನ ಸೆಂಟರ್ ನಂಬರ್‌ಗೆ ಊಟದ ವಿರಾಮದಲ್ಲಿ ಫೋನ್ ಮಾಡಿದೆ. "ಛಾಯಾದಲ್ಲಿ ಕೆಲವರಿಗೆ ಡೇಟ್ ಮುಂದೆ ಹೋಗುತ್ತೆ. ಹದಿನೈದು ದಿನ ದಾಟಿದ್ರೆ ಟೆಸ್ಟ್ ಮಾಡಲೇಬೇಕು. ನಾಳೆ ಬೆಳಿಗ್ಗೆ ಎಂಟೂವರೆಗೆ ಬಾ, ನಾನು ಬೇಗ ಬಂದಿರ್ತೀನಿ. ಶಿಫ್ಟ್‌ಗೆ ತಡ ಆಗೋದು ಬೇಡ" ಅಂದರು. ತಮ್ಮ ಟೈಮ್‌ಗಿಂತ ಅರ್ಧ ಗಂಟೆ ಮೊದಲು ಬಂದು, ಬಾಗಿಲ ಬೀಗ ತೆಗೆದು, ಟೆಸ್ಟ್ ಮಾಡಿದರು. ಒಂದೇ ಗೆರೆ ಬಂತು, ಅಂದರೆ ಬಸಿರಿಲ್ಲ. ಐದು ದಿನ ಬಿಟ್ಟು ಮುಟ್ಟು ಕೂಡ ಬಂತು. ಅದಾದ ಮೇಲೆ ತಿಂಗಳು ಸ್ವಲ್ಪ ಉದ್ದ ಆಗಿದೆ, ಅಷ್ಟೇ. ಅತ್ತೆಗೆ ಮಾತ್ರ ಏನು ಹೇಳಬೇಕೋ ಗೊತ್ತಾಗಲಿಲ್ಲ. ನಮ್ಮ ಮನೆಯವರೇ ಕೂರಿಸಿಕೊಂಡು ಹೇಳಿದರು, "ಅಮ್ಮಾ, ಸಾಲ ತೀರಲಿ ಅಂತ ನಾವೇ ತಡೆದಿದ್ದೀವಿ. ಇವಳದ್ದೇನೂ ತಪ್ಪಿಲ್ಲ." ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಊರಿಗೆ ಹೊರಡುವಾಗ, "ಏನ್ ಮಾತ್ರೆನೋ, ಒಳ್ಳೇದು ನೋಡಿ ತಗೋ" ಅಂತ ಮಾತ್ರ ಅಂದರು.

ನಮ್ಮ ಲೈನ್‌ನಲ್ಲಿ ಯಾದಗಿರಿ ಕಡೆಯ ಒಬ್ಬಳು ಹುಡುಗಿ ಇದ್ದಾಳೆ. 20 ವರ್ಷ, ಮದುವೆಯಾಗಿಲ್ಲ. ರೂಮ್ ಮಾಡಿಕೊಂಡು ಮೂವರು ಇರುತ್ತಾರೆ. ಒಂದು ದಿನ ಟಾಯ್ಲೆಟ್ ಹತ್ತಿರ ಅಳುತ್ತಿದ್ದಳು. ಅವಳು ಪ್ರೀತಿಸುವ ಹುಡುಗನ ಜೊತೆ ಮಾತು ಮುಂದೆ ಹೋಗಿದೆ, ಹೆದರಿಕೆಯಲ್ಲಿದ್ದಾಳೆ. ಮೆಡಿಕಲ್ ಸ್ಟೋರ್‌ನಲ್ಲಿ ಯಾವುದೋ "ಡೇಟ್ ತರಿಸೋ ಮಾತ್ರೆ" ಕೊಡುತ್ತಾರೆ ಅಂತ ರೂಮಿನವರು ಹೇಳಿದ್ದರಂತೆ. ಡಾಕ್ಟರ್ ನೋಡದೆ ಹಾಗೆ ನುಂಗಿ, ರಕ್ತ ಹೋಗಿ ಆಸ್ಪತ್ರೆ ಸೇರಿದವಳನ್ನು ನಾನು ನಮ್ಮ ಫ್ಲೋರ್‌ನಲ್ಲೇ ಕಂಡಿದ್ದೇನೆ. ಸೆಂಟರ್‌ಗೆ ಹೋಗೋಣ ಬಾ ಅಂದೆ.

"ಬ್ಯಾಡಕ್ಕಾ, ಅಲ್ಲಿ ಗಂಡನ ಹೆಸರು ಕೇಳ್ತಾರ. ನಾ ಏನಂತ ಹೇಳ್ಲಿ? ನಂಗ ಅಂಜಿಕಿ ಬರ್ತದ" ಅಂದಳು.

ಗಂಡನ ಹೆಸರು. ನನ್ನ ಕಾರ್ಡಿನಲ್ಲೂ ಆ ಖಾನೆ ಇತ್ತು. ನಾನು ತುಂಬಿಸಿ ಮುಂದೆ ಹೋಗಿದ್ದೆ, ಅದು ಇನ್ನೊಬ್ಬಳಿಗೆ ಗೋಡೆ ಅಂತ ಹೊಳೆದಿರಲೇ ಇಲ್ಲ. ಮದುವೆಯಾದ ನನಗೇ ಇಷ್ಟು ಕಷ್ಟವಾದರೆ ಅವಳ ಪಾಡೇನು?

ಅವಳನ್ನು ಕರೆದುಕೊಂಡು ಹೋದೆ. ಸಿಸ್ಟರ್ ಬಾಗಿಲು ಹಾಕಿದರು, ನನ್ನನ್ನು ಹೊರಗೆ ಕೂರಲು ಹೇಳಿದರು. "ಇವಳ ಮಾತು ಇವಳದ್ದು. ನಿನ್ನ ಎದುರಿಗೆ ಕೆಲವು ಹೇಳಕ್ಕಾಗಲ್ಲ" ಅಂದರು. ನನಗೆ ಒಂದು ಕ್ಷಣ ಬೇಜಾರಾಯಿತು, ಆಮೇಲೆ ಸರಿ ಅನ್ನಿಸಿತು. ಮುಕ್ಕಾಲು ಗಂಟೆ ಆಯಿತು. ಅವಳು ಬಸಿರಾಗಿರಲಿಲ್ಲ. ಹೊರಗೆ ಬಂದಾಗ ಮುಖಕ್ಕೆ ಕಳೆ ಬಂದಿತ್ತು. ಏನು ತಗೊಂಡಳು ಅಂತ ನಾನು ಕೇಳಲಿಲ್ಲ. ಇಲ್ಲಿ ಬರೆಯುತ್ತೇನೆ ಅಂತ ಹೇಳಿ ಅವಳ ಒಪ್ಪಿಗೆ ಪಡೆದಿದ್ದೇನೆ.

ಅವತ್ತು ಸಿಸ್ಟರ್ ಹೇಳಿದ್ದನ್ನು ಇಲ್ಲಿ ಹೇಳಲೇಬೇಕು, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 18 ತುಂಬಿದ ಹೆಣ್ಣು ಗರ್ಭನಿರೋಧಕ ಕೇಳಲು ಗಂಡನ ಒಪ್ಪಿಗೆಯೂ ಬೇಡ, ಅಪ್ಪ ಅಮ್ಮನ ಒಪ್ಪಿಗೆಯೂ ಬೇಡ. ಅಬಾರ್ಷನ್ ಕಾನೂನಿನಲ್ಲೂ ಹಾಗೇ, 18 ದಾಟಿದವಳ ಒಪ್ಪಿಗೆ ಒಂದೇ ಸಾಕು. ಆ ಕಾನೂನು 1971ರದು. ಗರ್ಭನಿರೋಧಕ ಕೈಕೊಟ್ಟರೆ ಅನ್ನುವ ಕಡೆ ಮೊದಲು "ಮದುವೆಯಾದ ಹೆಣ್ಣು ಅಥವಾ ಅವಳ ಗಂಡ" ಅಂತ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು "ಯಾವುದೇ ಹೆಣ್ಣು ಅಥವಾ ಅವಳ ಸಂಗಾತಿ" ಅಂತ ಬದಲಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮದುವೆ ಆಗಿದೆಯಾ ಇಲ್ಲವಾ ಅಂತ ಭೇದ ಮಾಡಬಾರದು ಅಂದಿತು. ಕಾನೂನು ಇಷ್ಟು ದೂರ ಬಂದಿದೆ. ಕಾರ್ಡಿನ ಖಾನೆ ಮಾತ್ರ ಹಾಗೇ ಇದೆ. ಯಾದಗಿರಿ ಹುಡುಗಿಯ ಕಾರ್ಡಿನಲ್ಲಿ ಸಿಸ್ಟರ್ ಆ ಜಾಗಕ್ಕೆ ಒಂದು ಗೆರೆ ಎಳೆದರು.

"18 ತುಂಬದವರು ಬಂದರೆ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 10ರಿಂದ 19 ವರ್ಷದವರಿಗಾಗಿಯೇ 2014ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಅಂತ ಇದೆ. ಮುಟ್ಟು, ರಕ್ತಹೀನತೆ, ಮನಸ್ಸಿನ ಬೇಸರ, ಎಲ್ಲದಕ್ಕೂ ಅಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾನೂನಿನ ಪ್ರಕಾರ 18ರೊಳಗಿನವರ ಜೊತೆ ಲೈಂಗಿಕ ಸಂಬಂಧ ಅಪರಾಧ. ಅದು ತಿಳಿದ ಡಾಕ್ಟರ್, ನರ್ಸ್ ಎಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. "ಮಕ್ಕಳನ್ನ ಕಾಪಾಡೋಕೆ ಆ ಕಾನೂನು ಬೇಕೇ ಬೇಕು. ಎಷ್ಟು ಮಕ್ಕಳಿಗೆ ಮನೆಯವರಿಂದಲೇ ಹಿಂಸೆ ಆಗುತ್ತೆ ನಿಂಗೊತ್ತಿಲ್ಲ. ಆದ್ರೆ ಹದಿನೇಳು ವರ್ಷದವಳು ಅವಳ ವಯಸ್ಸಿನವನನ್ನೇ ಪ್ರೀತಿಸಿ ಹೆದರಿಕೊಂಡು ಬಂದ್ರೆ, ನಾನು ಬಾಯಿ ಬಿಡೋಕೆ ಮುಂಚೆನೇ ಅವಳು ಓಡಿ ಹೋಗಿರ್ತಾಳೆ. ಅಂಥೋರು ನಮ್ಮ ಹತ್ರ ಬರೋದೇ ಇಲ್ಲ. ಮೆಡಿಕಲ್ ಸ್ಟೋರ್‌ಗೆ ಹೋಗ್ತಾರೆ" ಅಂದರು. ಅವರ ಕಣ್ಣಲ್ಲಿ ಆಯಾಸ ಇತ್ತು. ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಆದರೆ ಓಡಿ ಹೋಗುವ ಆ ಹುಡುಗಿಯರನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆ. ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಬ್ಯಾಗಿನಿಂದ ಸ್ಟ್ರಿಪ್ ತೆಗೆದು ತೋರಿಸಿದೆ. ಅವಳು ಕೈ ಒರೆಸಿಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಆಗ ಇದೆಲ್ಲ ಇರಲಿಲ್ವೇನೇ?"

ಅಕ್ಕನಿಗೆ ಆಪರೇಷನ್ ಆಗಿದ್ದು 2012ರಲ್ಲಿ. ಮಾಲಾ-ಎನ್ ಇತ್ತು, ಕಾಪರ್ ಟಿ ಇತ್ತು. ಅಂಗಡಿಯಲ್ಲಿ ಈ ಮಾತ್ರೆಯೇ ಬೇರೆ ಹೆಸರಿನಲ್ಲಿ ಇತ್ತು. ಸುಳ್ಳು ಹೇಳಬೇಕು ಅನ್ನಿಸಿತು, ಆಗಲಿಲ್ಲ. "ಇತ್ತು ಕಣಕ್ಕ" ಅಂದೆ.

"ನಂಗ್ಯಾರೂ ಹೇಳಲಿಲ್ಲ ನೋಡು" ಅಂದಳು. ಮತ್ತೆ ಹುಣಸೆಹಣ್ಣು ಬಿಡಿಸಲು ಶುರು ಮಾಡಿದಳು. ಅವಳಿಗೆ ಈಗ ಸೊಂಟನೋವು, ಯಾವಾಗಲೂ ಸುಸ್ತು. ಎರಡು ಮಕ್ಕಳ ನಡುವೆ ಒಂದೂಕಾಲು ವರ್ಷದ ಅಂತರ. "ಇನ್ನೊಂದೆರಡು ವರ್ಷ ಬಿಟ್ಟು ಎರಡನೇದು ಆಗಿದ್ದಿದ್ರೆ ಟಿಸಿಎಚ್ ಮುಗಿಸ್ತಿದ್ದೆ" ಅಂತ ಸ್ವಲ್ಪ ಹೊತ್ತಿನ ಮೇಲೆ ತಾನೇ ಅಂದಳು. ಅವಳಿಗೆ ಟೀಚರ್ ಆಗುವ ಆಸೆ ಇತ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಈ ವರ್ಷ ಮಾತ್ರೆ ತರಲು ಹೋದಾಗ ಆ ಸಿಸ್ಟರ್ ಇರಲಿಲ್ಲ. ಬೇರೆ ಕಡೆ ಹಾಕಿದ್ದಾರಂತೆ. ಎಲ್ಲಿಗೆ ಅಂತ ಕೌಂಟರ್‌ನವರಿಗೆ ಗೊತ್ತಿರಲಿಲ್ಲ. ಅದೇ ಕೋಣೆಯಲ್ಲಿ ಹೊಸಬರು ಕೂತಿದ್ದರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಬಾಗಿಲು ಪೂರ್ತಿ ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಜನ.

"ಹೇಳಿ, ಎಷ್ಟು ಮಕ್ಕಳು?" ಅಂದರು.

ನನ್ನ ಎದೆ ಮತ್ತೆ ಡವಡವ ಅಂತು. ಆದರೆ ಈ ಸಲ ತಿರುಗಿ ಹೋಗಲಿಲ್ಲ. "ಸಿಸ್ಟರ್, ಬಾಗಿಲು ಸ್ವಲ್ಪ ಹಾಕ್ತೀರಾ? ಹೇಳ್ತೀನಿ" ಅಂದೆ. ಅವರು ನನ್ನನ್ನು ಒಂದು ಸಲ ನೋಡಿದರು, ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಹಾಕಿದರು. ನಾನು ನನ್ನ ಕಾರ್ಡ್ ಟೇಬಲ್ ಮೇಲಿಟ್ಟು, ಹಳೆಯ ಸಿಸ್ಟರ್ ಕೇಳಿದ ಆ ಮೊದಲ ಪ್ರಶ್ನೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಡ್ರಾಯರ್ ಎಳೆದು ಹುಡುಕಿದರು. ಸ್ಟೀಲ್ ಟ್ರೇ ಅಲ್ಲೇ ಇತ್ತು.